ಸೈಡ್ ವಿಂಗಿನ ಜಯಲತಾ

ನನ್ನ ಕೆಮ್ಮನ್ನು ನಾನು ಮೊದಲ ಸಲ ಹೊರಗಿನವನಂತೆ ಕೇಳಿಸಿಕೊಂಡದ್ದು ಲೋಕಲ್ ರೈಲಿನಲ್ಲಿ. ಅಂಬರನಾಥದ ಶಿವಾಲಯಕ್ಕೆ ಹೋಗಿ ಡೊಂಬಿವಲಿಗೆ ವಾಪಸು ಬರುತ್ತಿದ್ದೆ. ಕಲ್ಯಾಣದಲ್ಲಿ ಹತ್ತಿದ ಇಬ್ಬರು ಕಾಲೇಜು ಹುಡುಗಿಯರು ನನ್ನ ಎದುರು ಕೂತು, ಒಂದೇ ಫೋನಿಗೆ ತಲೆ ತಾಗಿಸಿಕೊಂಡು ನಗತೊಡಗಿದರು. ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬೇಕು ಎಂಬ ಮರ್ಯಾದೆ ಈ ಕಾಲದವರಿಗೆ ಎಲ್ಲಿಂದ ಬರಬೇಕು! ಎರಡು ಮಾತು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋನಿನೊಳಗೆ ಯಾರೋ ಕೆಮ್ಮಿದರು. ಅದು ನನ್ನ ಕೆಮ್ಮಾಗಿತ್ತು.

ಇಣುಕಿ ನೋಡಿದೆ. ಹೆಗಲಿಗೆ ಶಾಲು ಹಾಕಿಕೊಂಡ ಒಬ್ಬ ಜಮೀನ್ದಾರ ಗುಡುಗುತ್ತಿದ್ದ. “ಈ ಹೊಸ್ತಿಲು ದಾಟಿದರೆ...” ಎಂದವನು ಅಲ್ಲಿಗೇ ನಿಂತ. ಎರಡು ಸಲ ಕೆಮ್ಮಿ ಮೆಲ್ಲಗೆ ಬದಿಗೆ ಸರಿದ. ಪರದೆಯ ಒಳಗಿನಿಂದ ಒಂದು ಹೆಣ್ಣಿನ ಪಿಸುದನಿ, “ನೀನು ನನ್ನ...” ಎಂದಿತು. ಜಮೀನ್ದಾರ, “ನೀನು ನನ್ನ...” ಎಂದು ಮತ್ತೆ ಕೆಮ್ಮಿದ. ಪಿಸುದನಿ, “ಮಗಳೇ ಅಲ್ಲ” ಎಂದಿತು. ಜಮೀನ್ದಾರ ಗಾಬರಿಯಾಗಿ ಒಳಗೆ ಕತ್ತು ಚಾಚಿ ಕೇಳಿದ: “ಮಗಳೇ ಅಲ್ವಾ? ಮತ್ತೆ ಯಾರು ಮಾರಾಯ್ತಿ?”

ಹುಡುಗಿಯರು ಬಿದ್ದು ಬಿದ್ದು ನಕ್ಕರು. “ಯೇ ಆಂಟೀ ಕಮಾಲ್ ಹೈ ಯಾರ್” ಎಂದಳು ಒಬ್ಬಳು, ಕನ್ನಡ ತಿಳಿಯುವ ನಮ್ಮವರ ಮಕ್ಕಳೇ ಇರಬೇಕು. ಜಮೀನ್ದಾರನಿಗೆ ಕಾಡಿಗೆಯ ಮೀಸೆ ಬರೆದಿದ್ದರೂ ಕಣ್ಣು ನನಗೆ ಗೊತ್ತಿದ್ದ ಕಣ್ಣು. ಅವಳು ನಮ್ಮ ಜಯಲತಾ. ಮತ್ತು ಆ ಜಮೀನ್ದಾರ ಬೇರೆ ಯಾರೂ ಅಲ್ಲ, ಡೊಂಬಿವಲಿಯ ನಮ್ಮ ಕನ್ನಡ ಸಂಘದ ನಾಟಕಗಳಲ್ಲಿ ಇಪ್ಪತ್ತೈದು ವರ್ಷ ನಾಯಕನಾಗಿ ಮೆರೆದ ವಸಂತಕುಮಾರ, ಅಂದರೆ ನಾನೇ. ಠಾಕುರ್ಲಿ ದಾಟುವಷ್ಟರಲ್ಲಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಡೊಂಬಿವಲಿಯಲ್ಲಿ ಇಳಿದವನು ಮನೆಗೆ ಹೋಗಲಿಲ್ಲ, ನೇರ ಅವಳ ಮನೆಯ ದಾರಿ ಹಿಡಿದೆ.

ಜಯಲತಾ ಯಾರೆಂದು ಹೇಳಬೇಕಲ್ಲ. ಕಾಪು ಕಡೆಯ ಹೆಣ್ಣು, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಕುಶಲ ಥಾಣೆಯ ಒಂದು ಹೋಟೆಲಿನಲ್ಲಿ ವೇಟರುಗಳ ಮೇಲಿನ ಕ್ಯಾಪ್ಟನ್. ಅವಳು ಉಲ್ಹಾಸನಗರದ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ, ಸೀರೆಗೆ ಹೊಂದುವ ರವಿಕೆ ಬಟ್ಟೆ ಹುಡುಕಿ ಕೊಡುವ ಕೆಲಸಕ್ಕಿದ್ದಳು. ವರ್ಷಕ್ಕೊಮ್ಮೆ ನಮ್ಮ ಸಂಘದ ವಾರ್ಷಿಕೋತ್ಸವ ಬಂದರೆ, ಒಂದು ತಿಂಗಳು ದಿನಾ ಸಂಜೆ ರಿಹರ್ಸಲ್‌ಗೆ ಬರುತ್ತಿದ್ದಳು. ನಟಿಸುವುದಕ್ಕಲ್ಲ, ಪ್ರಾಂಪ್ಟ್ ಮಾಡುವುದಕ್ಕೆ. ಪರದೆಯ ಬದಿಯಲ್ಲಿ, ಜನರಿಗೆ ಕಾಣದ ಸೈಡ್ ವಿಂಗಿನಲ್ಲಿ, ಒಂದು ಮಡಚುವ ಕುರ್ಚಿ ಹಾಕಿಕೊಂಡು, ಮರೆತವರಿಗೆ ಮಾತು ಹೇಳಿಕೊಡುವ ಕೆಲಸ. ಹೀಗೆ ಇಪ್ಪತ್ತೊಂದು ವರ್ಷ.

ಅದರಲ್ಲಿ ಅವಳಿಗೊಂದು ಲೆಕ್ಕವಿತ್ತು. ನಟ ನಿಂತುಬಿಟ್ಟರೆ ಕೂಡಲೇ ಹೇಳಬಾರದು, ಮನಸ್ಸಿನಲ್ಲಿ ಮೂರು ಎಣಿಸಬೇಕು. ಕೆಲವು ಮೌನ ನಟನೆಯದ್ದು, ಕೆಲವು ಮರೆವಿನದ್ದು. ಮರೆವಿನದ್ದೇ ಎಂದು ಖಾತ್ರಿಯಾದ ಮೇಲೆ ಎರಡೇ ಶಬ್ದ ಕೊಡಬೇಕು, ಮೂರನೆಯದು ಕೊಟ್ಟರೆ ನಟ ಓದುವ ಮಗುವಾಗಿಬಿಡುತ್ತಾನೆ. ದನಿಯಲ್ಲಿ ಏರಿಳಿತ ಇರಕೂಡದು, ಭಾವ ನಟನದ್ದು. ಇಷ್ಟೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ಆಗ ನಾನು ಸ್ಟೇಜಿನ ನಡುವೆ ಬೆಳಕಿನಲ್ಲಿ ಇರುತ್ತಿದ್ದೆ. ನಮ್ಮ ಆಮಂತ್ರಣ ಪತ್ರಿಕೆಯಲ್ಲಿ ಶಾಮಿಯಾನದವನ ಹೆಸರಿರುತ್ತಿತ್ತು, ತಿಂಡಿ ಕೊಟ್ಟವರ ಹೆಸರಿರುತ್ತಿತ್ತು, ಜಯಲತಾಳ ಹೆಸರು ಒಂದು ವರ್ಷವೂ ಇರಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ೨೦೦೩ರ ವಾರ್ಷಿಕೋತ್ಸವದ ದಿನ ನಾಯಕಿಯ ಪಾರ್ಟಿನವರು ಬರಲಿಲ್ಲ. ಪರದೆ ಏಳಲು ಎರಡು ಗಂಟೆ ಇತ್ತು. ಜಯಲತಾ ನನ್ನ ಹತ್ತಿರ ಬಂದು, “ವಸಂತಣ್ಣ, ನಾನು ಮಾಡ್ತೇನೆ. ನನಗೆ ಎಲ್ಲ ಬಾಯಿಪಾಠ ಉಂಟು” ಎಂದಳು. ನಾನು ಎಲ್ಲರ ಎದುರು, “ನೀನು ಸ್ಟೇಜಿಗೆ ಬಂದ್ರೆ ನನಗೆ ಹೇಳಿಕೊಡುದು ಯಾರು? ನಿನ್ನ ಜಾಗ ಅದೇ” ಎಂದು ಕುರ್ಚಿ ತೋರಿಸಿದೆ. ಎಲ್ಲರೂ ನಕ್ಕರು. ಅವಳೂ ನಕ್ಕು ಹೋಗಿ ಕೂತಳು. ಪದ್ಮಾವತಿ ಎಂಬ ಡಾನ್ಸ್ ಟೀಚರ್ ಕೈಯಲ್ಲಿ ಕಾಗದ ಕೊಟ್ಟು ನಾಯಕಿಯ ಮಾತು ಓದಿಸಿದೆವು. ಉತ್ತಮ ನಟನ ಶೀಲ್ಡು ಆ ವರ್ಷವೂ ನನಗೇ ಬಂತು.

ಆ ದಿನ ರೈಲಿನಿಂದ ಇಳಿದು ಅವಳ ಮನೆಯ ಬಾಗಿಲಿಗೆ ನಿಂತಾಗ ನನಗೆ ಇದೊಂದೂ ನೆನಪಿರಲಿಲ್ಲ. ವಿಡಿಯೋ ಅಳಿಸಿ ಹಾಕಿಸಿ ಬರುವುದೊಂದೇ ತಲೆಯಲ್ಲಿತ್ತು. ಬಾಗಿಲು ತೆರೆದ ಅವಳ ಮಗಳು ಸುಮೇಧಾ ತುಟಿಗೆ ಬೆರಳಿಟ್ಟು, “ಅಂಕಲ್, ಥಾಂಬಾ ನಾ, ಆವಾಜ್ ರೆಕಾರ್ಡ್ ಹೋತೋಯ್” ಎಂದಳು, ಸ್ವಲ್ಪ ನಿಲ್ಲಿ, ದನಿ ರೆಕಾರ್ಡ್ ಆಗುತ್ತಿದೆ ಎಂದು. ಇಲ್ಲೇ ಹುಟ್ಟಿದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಒಳಗೆ ಕುಶಲ ಗ್ಯಾಸಿನ ಮುಂದೆ ನಿಂತು, ಕುಕ್ಕರ್ ಸೀಟಿ ಹೊಡೆಯುವ ಮೊದಲು ಆಫ್ ಮಾಡಲು ಕಾಯುತ್ತಿದ್ದ. ಇಡ್ಲಿ ಪಾತ್ರೆಯ ಮೇಲೆ ಫೋನು ನಿಲ್ಲಿಸಿತ್ತು. ಅದರ ಎದುರು ಒಂದು ಬೆಂಚಿನ ಮೇಲೆ ಜಯಲತಾ ಕೂತಿದ್ದಳು.

ಮುಂಬೈ ಲೋಕಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರೊಬ್ಬರು ಬಂದು ಅರ್ಧ ಸೊಂಟ ಊರುವ ರೂಢಿಯುಂಟು. ಅದಕ್ಕೆ ನಾಲ್ಕನೇ ಸೀಟು ಎನ್ನುತ್ತಾರೆ. ಅವಳು ಅದರ ಬಗ್ಗೆ ಮಾಡುತ್ತಿದ್ದಳು. ನಾಲ್ಕು ಹೆಂಗಸರು, ನಾಲ್ವರೂ ಅವಳೇ. ಮೊದಲು ಬೆಂಚಿನ ತುದಿಗೆ ಬಂದು, “ಯವ್ವಾ, ತಟಗ ಸರಕೋರಿ, ನಾನೂ ಕುಂದರ್ತೀನಿ” ಎಂದು ಬೆಳಗಾವಿಯ ಬಾಗಿ ಎಂಬವಳಾದಳು. ಬಾಗಿಯ ಮಾತುಗಳನ್ನಷ್ಟೇ ಮೊದಲಿಂದ ಕೊನೆಯವರೆಗೆ ಹೇಳಿದಳು, ನಡುನಡುವೆ ಸುಮ್ಮನಾಗುತ್ತ. ಆ ಖಾಲಿ ಜಾಗಗಳಲ್ಲಿ ಯಾರೂ ಇಲ್ಲದ ಕಡೆ ನೋಡುತ್ತಿದ್ದಳು, ಬೈಸಿಕೊಂಡವಳಂತೆ ಮುಖ ಸಣ್ಣದು ಮಾಡುತ್ತಿದ್ದಳು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಸೀರೆಯನ್ನು ಕಚ್ಚೆಯ ಹಾಗೆ ಬಿಗಿದು, ಸೊಪ್ಪು ಸೋಸುವ ಚಂದ್ರಬಾಯಿಯಾಗಿ, “ಕುಠೆ ಬಸಣಾರ್? ಮಾಝ್ಯಾ ಡೋಕ್ಯಾವರ್?” ಎಂದಳು. ತಲೆಯ ಮೇಲೆ ಕೂರುತ್ತೀಯಾ ಎಂಬ ಆ ಜಗಳವೂ ಗೋಡೆಯ ಜೊತೆಗೇ. ಆಮೇಲೆ ಕನ್ನಡಕ ಹಾಕಿಕೊಂಡು, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೀ” ಎನ್ನುವ ಬೆಂಗಳೂರಿನ ಚೈತನ್ಯಾ. ಕೊನೆಗೆ, “ಎಂತ ಮಾರಾಯ್ರೆ, ನಾನು ಇಲ್ಲಿ ಕೂತದ್ದು ಕಾಣುದಿಲ್ವಾ?” ಎನ್ನುವ ನಮ್ಮ ಕಡೆಯ ಶರ್ಮಿಳಾ. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಸುಮೇಧಾ ಅರ್ಧ ಗಂಟೆ ಫೋನಿನಲ್ಲಿ ಏನೋ ಕತ್ತರಿಸಿ ಜೋಡಿಸಿ, “ಪಾಹಾ ಅಂಕಲ್” ಎಂದು ಕೊಟ್ಟಳು. ನೋಡಿದೆ. ಒಂದೇ ಬೆಂಚಿನಲ್ಲಿ ನಾಲ್ವರು ಹೆಂಗಸರು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಜಗಳವಾಡುತ್ತಿದ್ದರು. ಬಾಗಿ ಸುಮ್ಮನಾದ ಕಡೆಗೆ ಚಂದ್ರಬಾಯಿಯ ಬೈಗುಳ ಅಳೆದು ಹೊಲಿದಂತೆ ಕೂತಿತ್ತು. ಒಂದು ಮಾತು ಹೆಚ್ಚಿಲ್ಲ, ಒಂದು ಉಸಿರು ಕಡಿಮೆಯಿಲ್ಲ. ಬೆಂಚಿನಲ್ಲಿ ಅವಳೊಬ್ಬಳೇ ಇದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ! ಆದರೂ ಅಲ್ಲಿ ನಾಲ್ಕು ಜನ ಇದ್ದರು. ನಾನು ಮೂಗಿನ ಮೇಲೆ ಬೆರಳಿಟ್ಟೆ. ಒಂದು ತಿಂಗಳ ರಿಹರ್ಸಲ್ ಮಾಡಿಯೂ ಎದುರಿನವರ ಮಾತು ಮುಗಿಯುವ ಮೊದಲೇ ಬಾಯಿ ಹಾಕುತ್ತಿದ್ದ ನಟ ನಾನು.

ಜಯಲತಾ ಕನ್ನಡಕ ತೆಗೆದು, “ಜಮೀನ್ದಾರಂದು ನೋಡಿದ್ರಾ ವಸಂತಣ್ಣ?” ಎಂದು ಕೇಳಿದಳು. ಮುಖದಲ್ಲಿ ಹೆದರಿಕೆಯಿತ್ತು. “ಬೇಜಾರಾದ್ರೆ ಹೇಳಿ, ಈಗ್ಲೇ ತೆಗೀತೇನೆ.”

ಬೈಯಲು ಬಂದವನ ಬಾಯಿಂದ ಬಂದದ್ದೇ ಬೇರೆ. “ಕೆಮ್ಮು ಸರಿಯಾಗ್ಲಿಲ್ಲ. ನಾನು ಎರಡು ಸಲ ಕೆಮ್ಮುದಿಲ್ಲ, ಒಂದೇ ಸಲ. ಅದೂ ಮೂಗಿನಿಂದ.”

“ಹೌದಾ? ಒಮ್ಮೆ ಮಾಡಿ ತೋರಿಸಿ.”

ತೋರಿಸಿದೆ. ಅವಳು ಎರಡು ಸಲ ಪ್ರಯತ್ನಿಸಿ ಹಿಡಿದೇಬಿಟ್ಟಳು. ಕುಶಲ ಅಡುಗೆಮನೆಯಲ್ಲಿ ನಗು ತಡೆಯಲಾರದೆ ಕುಕ್ಕರನ್ನು ಮರೆತ. ಅದು ಉದ್ದಕ್ಕೆ ಸೀಟಿ ಹೊಡೆಯಿತು.

ಅಂದಿನಿಂದ ನಾನು ಆ ಮನೆಗೆ ಹೋಗಿ ಬರತೊಡಗಿದೆ. ಇದು ಹೇಗೆ ಶುರುವಾಯಿತೆಂದು ಒಂದೊಂದಾಗಿ ತಿಳಿಯಿತು. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿ, ನಾಟಕವೂ ನಿಂತಾಗ, ಬಾಯಲ್ಲಿದ್ದ ಮಾತುಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಮಗಳ ಫೋನಿನ ಎದುರು ಕೂತಳಂತೆ. ಮೊದಲ ವಿಡಿಯೋ ನೋಡಿದವರು ಹನ್ನೊಂದು ಜನ, ಅದರಲ್ಲಿ ಮೂವರು ಮನೆಯವರೇ. ಎರಡು ವರ್ಷ ಹೀಗೇ ನಡೆಯಿತು. ಸುಮೇಧಾ ಅವಳಿಗೆ ಗ್ರಾಫು ತೋರಿಸಿಕೊಟ್ಟಳು, ಯಾವ ಕ್ಷಣದಲ್ಲಿ ಜನ ಬಿಟ್ಟು ಹೋದರು ಎಂದು. ಜಯಲತಾ ಅದನ್ನು ತಕ್ಷಣ ಹಿಡಿದುಕೊಂಡಳು. “ನಾಟಕದಲ್ಲಿ ಜನ ಕೆಮ್ಲಿಕ್ಕೆ ಶುರು ಮಾಡಿದ್ರೆ ಸೀನ್ ಉದ್ದ ಆಯ್ತು ಅಂತ ಲೆಕ್ಕ. ಇಲ್ಲಿ ಗ್ರಾಫ್ ಕೆಮ್ತದೆ, ಅಷ್ಟೇ” ಎಂದಳು ನನಗೆ. ಗ್ರಾಫು ಕೆಮ್ಮಿದ ಕಡೆಯೆಲ್ಲ ಕತ್ತರಿಸಿದಳು. ಬೆಳಗ್ಗಿನ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೇಳಿದ ಮಾತನ್ನು ಸಂಜೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಳು. ನಾಲ್ಕನೇ ವರ್ಷಕ್ಕೆ ಕಲ್ಯಾಣ ಸ್ಟೇಷನ್ನಿನಲ್ಲಿ ಜನ ಅವಳನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಂಗಡಿಗೆ ಬರುವ ಗಿರಾಕಿಗಳು ರವಿಕೆ ಬಟ್ಟೆ ಬಿಟ್ಟು ಅವಳನ್ನೇ ನೋಡತೊಡಗಿದಾಗ ಕೆಲಸ ಬಿಟ್ಟಳು.

ಆಮೇಲೆ ವಾಶಿಯಿಂದ ಮನೀಷ್ ಬಂದ. ಹಾಸ್ಯ ಕಾರ್ಯಕ್ರಮಗಳನ್ನು ಊರೂರಿಗೆ ಒಯ್ಯುವ ವ್ಯವಸ್ಥಾಪಕ. “ವಿಡಿಯೋ ಅಲಗ್, ಸ್ಟೇಜ್ ಅಲಗ್” ಎಂದ. “ವಾಶಿಯಲ್ಲಿ ಒಂದು ಗಂಟೆ, ಅಕೇಲೇ. ಸಂಭಾಲ್ ಲಿಯಾ ತೋ ಬಾರಾ ಶೋ ಪಕ್ಕಾ.” ಒಬ್ಬಳೇ ಒಂದು ಶೋ ನಿಭಾಯಿಸಿದರೆ ಹನ್ನೆರಡು, ಇಲ್ಲದಿದ್ದರೆ ಮರಳಿ ಇಡ್ಲಿ ಪಾತ್ರೆಯ ಎದುರಿಗೆ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಇನ್ನೊಮ್ಮೆ ಇಂಥ ಕರೆ ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಸಂಘದ ಹಾಲಿನಲ್ಲೇ ಒಂದು ಭಾನುವಾರ ಪರೀಕ್ಷೆಗೆಂದು ಮೂವತ್ತು ಜನರನ್ನು ಕೂರಿಸಿದೆವು. ಪರದೆ ಎದ್ದಿತು. ಜಯಲತಾ ಮಾತಾಡತೊಡಗಿದಳು. ಮೈಕಿತ್ತು, ಮಾತೆಲ್ಲ ಕೇಳಿಸುತ್ತಿತ್ತು, ಆದರೆ ಅದರಲ್ಲಿ ಜೀವವೇ ಇರಲಿಲ್ಲ. ಏರಿಲ್ಲ, ಇಳಿವಿಲ್ಲ, ಒಂದೇ ಸಮ ಪಿಸುಗುಟ್ಟುತ್ತಿದ್ದಳು. ಮೈ ಅಡ್ಡ ತಿರುಗಿತ್ತು, ಜನರ ಕಡೆಗಲ್ಲ, ಸ್ಟೇಜಿನ ಖಾಲಿ ನಡುವಿನ ಕಡೆಗೆ. ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು ಹತ್ತು ನಿಮಿಷದಲ್ಲಿ ಪೂರ್ತಿ ವಿಂಗಿನೊಳಗೇ ಸೇರಿಕೊಂಡಳು. ಜನರಿಗೆ ಖಾಲಿ ಸ್ಟೇಜು ಕಾಣುತ್ತಿತ್ತು, ಒಳಗಿನಿಂದ ಮಾತು ಬರುತ್ತಿತ್ತು. ಪರದೆ ಎದ್ದರೆ ದನಿ ಇಳಿಸಬೇಕು, ಕಣ್ಣಿಗೆ ಬೀಳಬಾರದು ಎಂದು ಇಪ್ಪತ್ತೊಂದು ವರ್ಷ ಕಲಿತ ಮೈ ಅದು. ಅಷ್ಟೂ ವರ್ಷ ಅಲ್ಲಿ ಕೂರಿಸಿದವನು ನಾನು. ಮೂವತ್ತು ಜನರ ನಡುವೆ ಕೂತು ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ನನ್ನನ್ನು ಕರೆದಳು. “ವಸಂತಣ್ಣ, ವಾಶಿಯಲ್ಲಿ ನೀವು ನನಗೆ ಪ್ರಾಂಪ್ಟ್ ಮಾಡ್ಬೇಕು.”

“ನಿನಗೆಂತಕ್ಕೆ ಪ್ರಾಂಪ್ಟರ್? ನಿನಗೆ ಎಲ್ಲ ಬಾಯಿಪಾಠ ಉಂಟಲ್ಲ?”

“ಹೇಳಿಕೊಡ್ಲಿಕ್ಕೆ ಅಲ್ಲ. ಆ ಕುರ್ಚಿ ಖಾಲಿ ಉಂಟು ಅಂತ ಗೊತ್ತಾದ್ರೆ ನನ್ನ ಕಾಲು ಅಲ್ಲಿಗೇ ಹೋಗ್ತದೆ. ಅದ್ರಲ್ಲಿ ಬೇರೆ ಯಾರಾದ್ರೂ ಕೂತಿದ್ರೆ ಹೋಗ್ಲಿಕ್ಕೆ ಜಾಗ ಇಲ್ಲ ನೋಡಿ.”

ನಾನು ಒಪ್ಪಿದೆ. ಎರಡು ವಾರ ಅವಳು ನನಗೆ ಪಾಠ ಮಾಡಿದಳು. ಮೂರು ಎಣಿಸುವುದು, ಎರಡು ಶಬ್ದ, ಸಪಾಟು ದನಿ. ಮೊದಲೆರಡು ಬಂತು. ಮೂರನೆಯದು ನನ್ನ ಗಂಟಲಿಗೆ ಒಗ್ಗಲೇ ಇಲ್ಲ. ಪಿಸುಗುಟ್ಟಲು ಹೋದರೆ ಗಾಳಿ ಬರುತ್ತಿತ್ತು, ಸ್ವಲ್ಪ ದನಿ ಸೇರಿಸಿದರೆ ಜಮೀನ್ದಾರ ಬರುತ್ತಿದ್ದ.

ವಾಶಿಯ ಶೋ ಶನಿವಾರ ಮಧ್ಯಾಹ್ನ ನಾಲ್ಕಕ್ಕೆ. ಥಾಣೆಯಲ್ಲಿ ರೈಲು ಬದಲಿಸಿ ಹೋದೆವು. ನಾಟ್ಯಗೃಹ ತುಂಬಿತ್ತು. ಆರು ನೂರು ಜನರ ಗದ್ದಲ ಪರದೆಯ ಈಚೆಗೆ ಕೇಳುತ್ತಿತ್ತು. ಮನೀಷ್ ಮೊದಲ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದ. ನಾನು ಸೈಡ್ ವಿಂಗಿನ ಕುರ್ಚಿಯಲ್ಲಿ ಕ್ಯಾಲೆಂಡರ್ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡೆ. ನಲವತ್ತು ವರ್ಷ ಸ್ಟೇಜಿನ ಸಹವಾಸ ಮಾಡಿದವನು ನಾನು, ಅಲ್ಲಿಂದ ಏನು ಕಾಣುತ್ತದೆಂದು ಅಂದೇ ನೋಡಿದ್ದು. ಜನ ಕಾಣುವುದಿಲ್ಲ. ನಟನ ಬೆನ್ನು ಕಾಣುತ್ತದೆ, ಕುತ್ತಿಗೆಯ ಬೆವರು ಕಾಣುತ್ತದೆ, ಎಲ್ಲರಿಗೂ ಮರೆಮಾಡಿದ ನಡುಗುವ ಬೆರಳು ಕಾಣುತ್ತದೆ. ನನ್ನದೆಲ್ಲವನ್ನೂ ಅವಳು ಇಪ್ಪತ್ತೊಂದು ವರ್ಷ ನೋಡಿದ್ದಳು, ಯಾರಿಗೂ ಹೇಳಿರಲಿಲ್ಲ.

ಪರದೆ ಎದ್ದಿತು. “ನಮಸ್ಕಾರ, ನಾನು ಡೊಂಬಿವಲಿಯ ಜಯಲತಾ” ಎಂದಳು. ಚಪ್ಪಾಳೆ ಬಿತ್ತು. ಆಮೇಲೆ ಅದೇ ಸಪಾಟು ದನಿ. ಒಂದು ನಿಮಿಷವಾಯಿತು, ಎರಡಾಯಿತು. ಜನ ಮರ್ಯಾದೆಗೆ ಸುಮ್ಮನಿದ್ದರು. ಯಾರೋ ಕೆಮ್ಮಿದರು. ಅವಳ ಕಾಲು ಒಂದು ಹೆಜ್ಜೆ ನನ್ನ ಕಡೆ ಬಂತು. ಕಣ್ಣಂಚಿನಲ್ಲಿ ಕುರ್ಚಿ ನೋಡಿದಳು, ಅದರಲ್ಲಿ ನಾನಿದ್ದೆ. ಹೋಗಲು ಜಾಗವಿಲ್ಲದೆ ನಿಂತಳು. ಬಾಯಿ ತೆರೆದಿತ್ತು, ಮಾತು ಬರಲಿಲ್ಲ.

ಒಂದು ಎಣಿಸಿದೆ. ಎರಡು. ಮೂರು. ಮರೆವಿನದೇ ಮೌನ. ಎರಡು ಶಬ್ದ ಹಾಳೆಯಲ್ಲಿ ಕಣ್ಣೆದುರೇ ಇದ್ದವು. ಗಾಬರಿಯಲ್ಲಿ ಉಸಿರು ಎಳೆದುಕೊಂಡವನು ಎಳೆದುಕೊಂಡಷ್ಟನ್ನೂ ಬಿಟ್ಟೆ.

“ನಾಲ್ಕನೇ ಸೀಟು!”

ಮೈಕಿಲ್ಲದೆ ಹಿಂದಿನ ಗೋಡೆಗೆ ಬಡಿದು ವಾಪಸು ಬಂತು ನನ್ನ ದನಿ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಮುಗಿಯಿತು, ಅವಳ ಹನ್ನೆರಡು ಶೋಗಳನ್ನು ನಾನೇ ತಿಂದುಹಾಕಿದೆ ಎಂದುಕೊಂಡೆ.

ಜಯಲತಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ಮೂರು ಎಣಿಸುವಷ್ಟು ಹೊತ್ತು ನೋಡಿದಳು. ಆಮೇಲೆ ಸೆರಗನ್ನು ಹೆಗಲಿಗೆ ಶಾಲಿನಂತೆ ಎಸೆದು ಜನರ ಕಡೆ ಎದೆಯೆತ್ತಿ ನಿಂತು ಕೆಮ್ಮಿದಳು. ಒಂದೇ ಸಲ, ಮೂಗಿನಿಂದ.

ಜಮೀನ್ದಾರನ ವಿಡಿಯೋ ಗೊತ್ತಿದ್ದವರು ಅಲ್ಲಲ್ಲಿ ಕಿಸಕ್ಕನೆ ನಕ್ಕರು. ಅವಳು ಮೊದಲ ಸಾಲಿನತ್ತ ಬಗ್ಗಿ, ಕೈ ಬೀಸಿ, ತುಂಬು ಗಂಟಲಿನಲ್ಲಿ ಹೇಳಿದಳು: “ಸ್ವಲ್ಪ ಸರೀರಿ ಮಾರಾಯ್ರೆ, ಸರೀರಿ! ಒಳಗೆ ನಮ್ಮ ಹೀರೋ ಕೂತಿದ್ದಾರೆ. ಅವರಿಗೆ ನಾಲ್ಕನೇ ಸೀಟು ಬೇಕಂತೆ!”

ಸಭೆಯೇ ಒಡೆದುಹೋದಂತೆ ನಗು ಬಂತು. ಮೊದಲ ಸಾಲಿನಲ್ಲಿ ಮೂರು ಜನ ಹೆಂಗಸರು ನಿಜವಾಗಿಯೂ ಸರಿದು ಕೂತರು. ಅವರ ನಡುವೆ ಮನೀಷ್ ಸಿಕ್ಕಿಕೊಂಡ. ಜಯಲತಾ ಅವನನ್ನು ಮಾತಿನಲ್ಲೇ ಹಿಡಿದುಕೊಂಡಳು, ಬಾಗಿಯಾಗಿ ಅವನನ್ನು ಬೈದಳು, ಚಂದ್ರಬಾಯಿಯಾಗಿ ಅವನ ಪರ ವಹಿಸಿದಳು. ಕ್ಯಾಲೆಂಡರ್ ಹಾಳೆಯಲ್ಲಿ ಇಲ್ಲದ ಮಾತುಗಳು ಅವಳಿಂದ ಧಾರೆಯಾಗಿ ಬಂದವು. ಯಾರಿಂದ ಕಲಿತಳು ಇದನ್ನು? ಎಲ್ಲಿ ಇಟ್ಟುಕೊಂಡಿದ್ದಳು ಇಷ್ಟು ವರ್ಷ? ಒಂದು ಗಂಟೆ ಹದಿನೈದು ನಿಮಿಷ. ನಾನು ಹಾಳೆ ತಿರುಗಿಸುವುದನ್ನು ಮರೆತು, ಅವಳ ಬೆನ್ನನ್ನೇ ನೋಡುತ್ತ ಕೂತಿದ್ದೆ. ದೇವಸ್ಥಾನದಲ್ಲೂ ನಾನು ಅಷ್ಟು ಭಕ್ತಿಯಿಂದ ಕೂತವನಲ್ಲ.

ಪರದೆ ಬಿದ್ದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ. ಮನೀಷ್ ಓಡಿಬಂದು, “ಬಾರಾ ನಹೀಂ ಮ್ಯಾಡಮ್, ಬೀಸ್!” ಎಂದ. “ಔರ್ ವೋ ಅಂದರ್ ವಾಲಾ ಆದ್ಮೀ? ಪ್ಲಾನ್ ಥಾ ಕ್ಯಾ?” ಹನ್ನೆರಡಿದ್ದದ್ದು ಇಪ್ಪತ್ತು ಶೋ ಆಯಿತು, ಒಳಗಿನವನ ಕೂಗು ಮೊದಲೇ ಹೊಂದಿಸಿದ್ದೇ ಎಂಬ ಅನುಮಾನವೂ ಅವನಿಗೆ. ಜಯಲತಾ ಅವನಿಗೆ, “ಪ್ರಾಂಪ್ಟರ್ ಹೈ ಮೇರಾ. ಕಾರ್ಡ್ ಪೇ ನಾಮ್ ಆನಾ ಚಾಹಿಯೇ” ಎಂದಳು. ಹೆಸರು ಹಾಕಬೇಕಂತೆ, ನನ್ನದು, ಕಾರ್ಡಿನಲ್ಲಿ. ಆ ಮಾತು ನನಗೆ ಚಾಟಿಯಂತೆ ಬಿತ್ತು. ಅವಳು ಅದನ್ನು ಚಾಟಿ ಎಂದು ಬೀಸಿರಲಿಲ್ಲ, ಅದಕ್ಕೇ ಹೆಚ್ಚು ಉರಿಯಿತು.

ಮನೀಷ್ ಹೋದ ಮೇಲೆ ಅವಳು ಬೆವರು ಒರೆಸುತ್ತ ನನ್ನ ಬಳಿ ಬಂದಳು. ಕುರ್ಚಿ ಬಿಟ್ಟು ಎದ್ದು ನಿಂತೆ. ಹೇಳಬೇಕಾದದ್ದು ಇಪ್ಪತ್ತು ವರ್ಷಕ್ಕೂ ಹಳೆಯದು. ನೆಲ ನೋಡಿಕೊಂಡು ಪಿಸುಗುಟ್ಟಿದೆ. ಎರಡು ವಾರ ಪ್ರಯತ್ನಿಸಿದರೂ ಬಾರದ ಪಿಸುದನಿ ಆಗ ಸರಾಗವಾಗಿ ಬಂತು: “ಜಯಾ, ಆ ದಿನ ನಿನಗೆ ಪಾರ್ಟು ಕೊಡಬೇಕಿತ್ತು. ನಾನು ತಪ್ಪು ಮಾಡಿದೆ.”

ಯಾವ ದಿನವೆಂದು ಅವಳು ಕೇಳಲಿಲ್ಲ. ಸುತ್ತ ಲೈಟಿನವರು, ಪರದೆಯವರು, ಸುಮೇಧಾ, ಕುಶಲ ಎಲ್ಲರೂ ಇದ್ದರು. ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

“ಗಟ್ಟಿ ಹೇಳಿ ವಸಂತಣ್ಣ” ಎಂದಳು. “ಅವತ್ತು ಎಲ್ರಿಗೂ ಕೇಳುವ ಹಾಗೆ ಹೇಳಿದ್ರಲ್ಲ.”

ನಾನು ಎದೆ ತುಂಬ ಉಸಿರೆಳೆದುಕೊಂಡೆ. ಜಮೀನ್ದಾರನ ದನಿಯಲ್ಲಿ, ಹಿಂದಿನ ಗೋಡೆಗೆ ಕೇಳುವ ಹಾಗೆ, ಮೊದಲಿಂದ ಕೊನೆಯವರೆಗೆ, ಒಂದು ಶಬ್ದವೂ ಮರೆಯದೆ ಹೇಳಿದೆ.